ಎಲ್ಲಾ ಬ್ರೌಸರೂ ಬರ್ಲಿ ಅಂತ ಕಾಯ್ತಾ ಕೂತ್ರೆ

ಸಂಪಾದಕರಿಗೆ ನಮಸ್ಕಾರ,

ಕಳೆದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ರಿಟೈರ್ಡ್ ಮೇಷ್ಟ್ರೊಬ್ಬರು ಬರೆದಿದ್ದು ಓದಿದೆ. ಅವರ ಹಳೇ ಫೋನಲ್ಲಿ ನಿಮ್ಮ ವೆಬ್‌ಸೈಟ್ ತೆಗೆದ್ರೆ ಬರೀ ಬಿಳೀ ಪರದೆ ಬರುತ್ತಂತೆ, ಮಧ್ಯದಲ್ಲಿ ಒಂದು ಚಕ್ರ ಸುತ್ತುತ್ತಾ ಇರುತ್ತಂತೆ, ಸುದ್ದಿ ಮಾತ್ರ ಬರಲ್ವಂತೆ. ಅದಕ್ಕೆ ಅವರು ಕೊಟ್ಟಿರೋ ಪರಿಹಾರ ಏನಪ್ಪಾ ಅಂದ್ರೆ, ಹೊಸ ಹೊಸ ಟೆಕ್ನಾಲಜಿ ಹಿಂದೆ ಓಡ್ಬೇಡಿ, ಎಲ್ಲಾ ಫೋನಿಗೂ ಎಲ್ಲಾ ಬ್ರೌಸರಿಗೂ ಬಂದ ಮೇಲೆ ಹಾಕ್ಕೊಳ್ಳಿ, ಅಲ್ಲೀವರೆಗೂ ಹಳೇದೇ ಇರ್ಲಿ ಅಂತ. ಮೇಷ್ಟ್ರ ಸಿಟ್ಟು ನೂರಕ್ಕೆ ನೂರು ಸರಿ. ಆದ್ರೆ ಹೊಟ್ಟೆ ನೋವಿಗೆ ತಲೆಗೆ ಎಣ್ಣೆ ಹಚ್ಚಿದ ಹಾಗಾಯ್ತು ಅನ್ನಿಸ್ತು. ನಾನು ಶಿವಮೊಗ್ಗದಲ್ಲಿ ಕೂತು 2006ರಿಂದ ವೆಬ್‌ಸೈಟ್ ಮಾಡಿಕೊಡ್ತಾ ಹೊಟ್ಟೆ ಹೊರೀತಿರೋನು, ಹಾಗಾಗಿ ಸುಮ್ನಿರೋಕೆ ಆಗ್ಲಿಲ್ಲ. ಪತ್ರ ಉದ್ದ ಆಗುತ್ತೆ, ಕತ್ತರಿ ನಿಮ್ಮ ಕೈಲಿದೆ.

ಮೊದ್ಲು ಆ ಬಿಳೀ ಪರದೆ ವಿಷಯ. ಎಚ್‌ಟಿಎಂಎಲ್ ಅಂದ್ರೆ ವೆಬ್ ಪೇಜು ಬರೆಯೋ ಭಾಷೆ, ಟ್ಯಾಗು ಅಂದ್ರೆ ಇದು ತಲೆಬರಹ, ಇದು ಪ್ಯಾರಾ ಅಂತ ಅದರಲ್ಲಿ ಹಾಕೋ ಗುರುತು. ಹೊಸ ಎಚ್‌ಟಿಎಂಎಲ್ ಟ್ಯಾಗು ಹಾಕಿದ್ದಕ್ಕೆ ಯಾವ ಫೋನಲ್ಲೂ ಬಿಳೀ ಪರದೆ ಬರಲ್ಲ ಸರ್. ಬರೋದು ಪೂರ್ತಿ ಪೇಜನ್ನ ಜಾವಾಸ್ಕ್ರಿಪ್ಟಲ್ಲೇ, ಅಂದ್ರೆ ಬ್ರೌಸರಿನೊಳಗೆ ಓಡೋ ಪ್ರೋಗ್ರಾಮಲ್ಲೇ, ಕಟ್ಟೋಕೆ ಹೋದಾಗ. ಜಾವಾಸ್ಕ್ರಿಪ್ಟಲ್ಲಿ ಹೊಸಾ ಥರದ ಒಂದು ಸಾಲು ಬರೆದು, ಹಳೇ ಬ್ರೌಸರಿಗೆ ಅದು ಅರ್ಥ ಆಗ್ಲಿಲ್ಲ ಅಂದ್ರೆ ಆ ಸಾಲು ಮಾತ್ರ ಅಲ್ಲ, ಆ ಇಡೀ ಫೈಲನ್ನೇ ಅದು ಓಡಿಸಲ್ಲ, ಅಲ್ಲಿಗೆ ಕಥೆ ಮುಗೀತು. ಎಚ್‌ಟಿಎಂಎಲ್ ಜಾತಿಯೇ ಬೇರೆ. 1991ರಲ್ಲಿ ಸ್ವಿಟ್ಜರ್ಲೆಂಡಿನ ಸರ್ನ್ ಅನ್ನೋ ವಿಜ್ಞಾನ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್ ಲೀ ಬೆರಳೆಣಿಕೆ ಟ್ಯಾಗುಗಳ ಜೊತೆ ಶುರು ಮಾಡಿದ್ದು ಅದು, 1995ರಲ್ಲಿ ಎಚ್‌ಟಿಎಂಎಲ್ 2.0 ಅಂತ ಮೊದಲ ಸಲ ಅಧಿಕೃತವಾಗಿ ಬರೆದಿಟ್ಟಾಗ್ಲೇ ಒಂದು ಮಾತು ಹೇಳಿದ್ರು, ಗೊತ್ತಿಲ್ಲದ ಟ್ಯಾಗು ಸಿಕ್ಕಿದ್ರೆ ಆ ಟ್ಯಾಗು ಇಲ್ಲವೇ ಇಲ್ಲ ಅಂದ್ಕೊಂಡು ಮುಂದೆ ಹೋಗಿ, ಒಳಗಿರೋ ಅಕ್ಷರ ಮಾತ್ರ ತೋರಿಸಿ ಅಂತ. ನಮ್ಮಜ್ಜಿ ನಿಮ್ಮ ಪೇಪರ್ ಓದ್ತಿದ್ದಿದ್ದೇ ಹೀಗೆ. ಮಧ್ಯೆ ಯಾವ್ದಾದ್ರೂ ಬಾಯಿಗೆ ಬರದ ಪದ ಸಿಕ್ಕಿದ್ರೆ ಅದನ್ನ "ಏನೋ ಒಂದು" ಅಂತ ಹಾರಿಸಿ ಮುಂದಕ್ಕೆ ಓದೋರು, ಕೊನೆಗೆ ಯಾರು ಗೆದ್ರು ಯಾರು ಸೋತ್ರು ಅನ್ನೋದು ನಮ್ಮೆಲ್ಲರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರ್ತಿತ್ತು.

ಈ ಒಂದು ಗುಣ ಇರೋದಕ್ಕೇ ನಾನು ಹೇಳೋದು, ಹೊಸ ಮಾರ್ಕಪ್, ಅಂದ್ರೆ ಹೊಸ ಟ್ಯಾಗು, ಬಂದ ದಿನದಿಂದಲೇ ಹಾಕೋಕೆ ಶುರು ಮಾಡಿ, ನಾಲ್ಕರಲ್ಲಿ ಒಂದು ಬ್ರೌಸರಿಗೆ ಬಂದಿದ್ರೂ ಸಾಕು. ಉಳಿದ ಮೂರರಲ್ಲಿ ಓದೋರಿಗೆ ಮೊದ್ಲು ಏನು ಸಿಗ್ತಿತ್ತೋ ಅದೇ ಸಿಗುತ್ತೆ, ಕಮ್ಮಿ ಏನೂ ಆಗಲ್ಲ.

ಇದನ್ನ ನಾನು ಪುಸ್ತಕ ಓದಿ ಹೇಳ್ತಿಲ್ಲ, ಬೈಸ್ಕೊಂಡು ಕಲ್ತಿದ್ದು. 2010ರಲ್ಲಿ ನಮ್ಮ ಕಡೆಯ ಒಂದು ಸಹಕಾರ ಸಂಘಕ್ಕೆ ಸೈಟ್ ಮಾಡಿದ್ದೆ. ಆಗ ಎಚ್‌ಟಿಎಂಎಲ್5 ಅನ್ನೋದು ಇನ್ನೂ ಡ್ರಾಫ್ಟು, ಎಲ್ಲರೂ ಬೇಡ ಅನ್ನೋರೇ, ನನಗೆ ಹುಮ್ಮಸ್ಸು, ಪೇಜಿನ ತಲೆಗೆ ಹೆಡರ್, ಮೆನುಗೆ ನ್ಯಾವ್, ಬರಹಕ್ಕೆ ಆರ್ಟಿಕಲ್ ಅಂತ ಹೊಸ ಟ್ಯಾಗುಗಳನ್ನೇ ಹಾಕಿ ಕಟ್ಟಿದೆ. ಸಂಘದ ಆಫೀಸಲ್ಲಿ ಇದ್ದಿದ್ದು ವಿಂಡೋಸ್ ಎಕ್ಸ್‌ಪಿ, ಅದರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 6, ಅಂದ್ರೆ 2001ರಲ್ಲಿ ಬಂದ ಬ್ರೌಸರು. ಈ ಐಇಗೆ ಒಂದು ಕೆಟ್ಟ ಚಾಳಿ ಇತ್ತು, 8ನೇ ವರ್ಶನ್ ತನಕಾನೂ ಇತ್ತು, ಗೊತ್ತಿಲ್ಲದ ಟ್ಯಾಗಿನ ಅಕ್ಷರ ತೋರಿಸೋದು ಆದ್ರೆ ಅದಕ್ಕೆ ಬಣ್ಣ ಅಳತೆ ಯಾವ್ದೂ ಹಚ್ಚೋಕೆ ಬಿಡ್ತಿರ್ಲಿಲ್ಲ. ಅದಕ್ಕೂ ಒಂದು ಮದ್ದು ಸಿಕ್ಕಿತ್ತು, ಜಾವಾಸ್ಕ್ರಿಪ್ಟಲ್ಲಿ ಆ ಟ್ಯಾಗಿನ ಹೆಸರನ್ನ ಒಂದೇ ಒಂದು ಸಲ ಕರೆದು ಬಿಟ್ರೆ ಸಾಕು, ಐಇ "ಓ ನೀನಾ" ಅಂತ ಗುರುತು ಹಿಡೀತಿತ್ತು. ಯಾಕೆ ಹಿಡೀತಿತ್ತು ಅಂತ ಕೇಳ್ಬೇಡಿ, ಅದೊಂದು ಪವಾಡ. ರೆಮಿ ಶಾರ್ಪ್ ಅನ್ನೋರು 2009ರಲ್ಲಿ ಅದನ್ನ ಒಂದು ಪುಟಾಣಿ ಸ್ಕ್ರಿಪ್ಟ್ ಮಾಡಿ ಹಂಚಿದ್ರು, ಎಚ್‌ಟಿಎಂಎಲ್5 ಶಿವ್ ಅಂತ ಹೆಸರು. ನಮ್ಮ ಶಿವ ಅಲ್ಲ, ಆದ್ರೆ ಆ ಕಾಲದಲ್ಲಿ ಕಾಪಾಡಿದ್ದು ಅವನೇ.

ಸೈಟ್ ತೋರಿಸೋಕೆ ಹೋದ್ರೆ ಮ್ಯಾನೇಜರ್ ಕೇಳಿದ ಮೊದಲ ಪ್ರಶ್ನೆ, "ಏನ್ರೀ, ಈ ಬಾಕ್ಸಿನ ಮೂಲೆ ಚೂಪಾಗಿದೆ, ನೀವು ತೋರಿಸಿದ ಲ್ಯಾಪ್‌ಟಾಪಲ್ಲಿ ದುಂಡಗಿತ್ತಲ್ಲ?" ಹೌದು ಸರ್, ಅದು ಹೊಸ ಬ್ರೌಸರಲ್ಲಿ ಮಾತ್ರ ದುಂಡಗೆ ಬರುತ್ತೆ, ಇದರಲ್ಲಿ ಚೂಪು, ಆದ್ರೆ ಒಳಗಿರೋ ಬಡ್ಡಿ ದರ ಎರಡರಲ್ಲೂ ಒಂದೇ ಅಂದೆ. ಒಪ್ಪಲಿಲ್ಲ. ನಾಲ್ಕು ದಿನ ಕೂತು ನಾಲ್ಕು ಮೂಲೆಗೆ ನಾಲ್ಕು ಚಿತ್ರ ಕತ್ತರಿಸಿ ಅಂಟಿಸಿ ದುಂಡಗೆ ಮಾಡಿಕೊಟ್ಟೆ. ಒಂದೆರಡು ವರ್ಷದಲ್ಲಿ ಆ ಆಫೀಸಿಗೆ ಹೊಸ ಕಂಪ್ಯೂಟರ್ ಬಂತು, ಚಿತ್ರ ಅಂಟಿಸಿದ್ದೆಲ್ಲಾ ಕಿತ್ತು ಹಾಕೋ ಕೆಲಸ ಮತ್ತೆ ನನಗೇ. ಆದ್ರೆ ಆ ಹೆಡರು ಆರ್ಟಿಕಲ್ಲು ಇವತ್ತಿಗೂ ಹಾಗೇ ಇದಾವೆ, ಒಂದಕ್ಷರ ಮುಟ್ಟಿಲ್ಲ. ನಾಲ್ಕು ದಿನದ ದುಡಿಮೆ ಹೋಗಿದ್ದು ಹಳೇ ಬ್ರೌಸರಿಗೆ ಶೋಕಿ ಮಾಡಿಸೋಕೆ, ಹೊಸ ಟ್ಯಾಗಿಗೆ ಹಿಡಿದಿದ್ದು ಒಂದು ಮಧ್ಯಾಹ್ನ.

ಎಲ್ಲಾ ಬ್ರೌಸರಿಗೂ ಬಂದ ಮೇಲೆ ಅನ್ನೋರಿಗೆ ಇನ್ನೊಂದು ಹಳೇ ಕಥೆ ಹೇಳ್ಬೇಕು. 2008ರಲ್ಲಿ ಎಚ್‌ಟಿಎಂಎಲ್5ರ ಸಂಪಾದಕ, ಅಂದ್ರೆ ನಿಮ್ಮ ಥರದವರೇ, ಇಯಾನ್ ಹಿಕ್ಸನ್ ಅಂತ, ಒಂದು ಸಂದರ್ಶನದಲ್ಲಿ ಇದೆಲ್ಲಾ ಪೂರ್ತಿಯಾಗಿ ಅಂತಿಮ ಮುದ್ರೆ ಬೀಳೋ ಹೊತ್ತಿಗೆ 2022 ಆಗಬಹುದು ಅಂದುಬಿಟ್ರು. ಅವರು ಹೇಳಿದ್ದು ಎರಡು ಬ್ರೌಸರುಗಳಲ್ಲಿ ಸಣ್ಣ ಸಣ್ಣ ವಿವರ ಸಮೇತ ಎಲ್ಲಾ ಪರೀಕ್ಷೆ ಪಾಸಾಗೋ ದಿನದ ಲೆಕ್ಕ. ಜನ ತಗೊಂಡಿದ್ದು, ಓಹೋ 2022ರ ತನಕ ಮುಟ್ಟೋ ಹಾಗಿಲ್ಲ ಅಂತ. ನಮ್ಮ ಫೀಲ್ಡಲ್ಲಿ ಆಗ ಇದೇ ದೊಡ್ಡ ಜೋಕು. ಆಮೇಲೆ ನಡೆದಿದ್ದೇನು ಅಂದ್ರೆ, 2010ರ ಮಾರ್ಚಲ್ಲಿ ಯೂಟ್ಯೂಬಿನವರು ಐಇ 6ಗೆ ಕೈ ಕೊಟ್ರು, 2014ರ ಏಪ್ರಿಲಲ್ಲಿ ಮೈಕ್ರೋಸಾಫ್ಟೇ ಎಕ್ಸ್‌ಪಿಗೆ ಸಪೋರ್ಟ್ ನಿಲ್ಲಿಸ್ತು, ಅದೇ ವರ್ಷ ಅಕ್ಟೋಬರ್ 28ಕ್ಕೆ ಎಚ್‌ಟಿಎಂಎಲ್5ಗೆ ವೆಬ್ಬಿನ ಸ್ಟ್ಯಾಂಡರ್ಡ್ ಬರೆಯೋ ಸಂಸ್ಥೆ ಡಬ್ಲ್ಯೂ3ಸಿಯ ಮುದ್ರೆ ಬಿತ್ತು. 2022 ಅಂತೂ ಬಂತು, ಆ ವರ್ಷ ಜೂನ್ 15ಕ್ಕೆ ಆಗಿದ್ದು ಇಂಟರ್ನೆಟ್ ಎಕ್ಸ್‌ಪ್ಲೋರರಿನ ರಿಟೈರ್‌ಮೆಂಟು. ಅದು ಕಲಿಯಲಿ ಅಂತ ಕಾದೋರಿಗೆ ಅದರ ಬೀಳ್ಕೊಡುಗೆ ಸಮಾರಂಭದ ಊಟ ಸಿಕ್ಕಿರ್ಬೇಕು ಅಷ್ಟೇ.

ನಮ್ಮಲ್ಲಿ ಗಾದೆ ಇದೆಯಲ್ಲ, ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ. ಬ್ರೌಸರ್ ಕಂಪನಿಯವರನ್ನ ಕೇಳಿದ್ರೆ ಈ ಟ್ಯಾಗನ್ನ ಯಾರೂ ಬಳಸ್ತಿಲ್ಲವಲ್ಲ, ಯಾಕೆ ಮಾಡ್ಬೇಕು ಅಂತಾರೆ, ಸೈಟ್ ಮಾಡೋರನ್ನ ಕೇಳಿದ್ರೆ ಯಾವ ಬ್ರೌಸರಲ್ಲೂ ಇಲ್ಲವಲ್ಲ, ಯಾಕೆ ಬಳಸ್ಬೇಕು ಅಂತಾರೆ. ಯಾರಾದ್ರೂ ಒಬ್ಬರು ಮೊದ್ಲು ಕಾಲಿಡ್ಲೇಬೇಕು. ಕಾಲಿಟ್ಟೋರ ಮಾತಿಗೆ ಬೆಲೆ ಇರುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. 2011ರ ಅಕ್ಟೋಬರ್ ಕೊನೆಗೆ ಇದೇ ಹಿಕ್ಸನ್ ಟೈಮ್ ಅನ್ನೋ ಟ್ಯಾಗನ್ನ, ಅಂದ್ರೆ ದಿನಾಂಕ ಸಮಯ ಬರೆಯೋ ಟ್ಯಾಗನ್ನ, ಒಂದಿನ ಕಿತ್ತು ಹಾಕಿಬಿಟ್ರು, ಡೇಟಾ ಅನ್ನೋ ಬೇರೆ ಟ್ಯಾಗು ಸಾಕು ಅಂತ. ಆಗ ಗಲಾಟೆ ಎಬ್ಬಿಸಿದೋರು ಕಾಯ್ತಾ ಕೂತೋರಲ್ಲ, ಆಗಲೇ ಅದನ್ನ ತಮ್ಮ ಪೇಜುಗಳಲ್ಲಿ ಹಾಕಿಕೊಂಡು ಕೆಲಸ ತೆಗೀತಿದ್ದೋರು. ಕೆಲವೇ ವಾರದಲ್ಲಿ ಟೈಮ್ ಟ್ಯಾಗು ವಾಪಸ್ ಬಂತು. ಇನ್ನೊಂದು ಎಚ್‌ಗ್ರೂಪ್ ಅಂತ ಇತ್ತು, ತಲೆಬರಹ ಅಡಿಬರಹ ಒಟ್ಟಿಗೆ ಕಟ್ಟೋದು, ಅದನ್ನ ಡಬ್ಲ್ಯೂ3ಸಿಯವರು 2013ರಲ್ಲಿ ಕೈಬಿಟ್ರು, ನಾನು ಎರಡು ಸೈಟಲ್ಲಿ ಹಾಕಿದ್ದೆ, ಮುಖ ಸಪ್ಪಗಾಯ್ತು ನಿಜ. ಆದ್ರೆ ಪೇಜು ಒಡೆದು ಹೋಯ್ತಾ, ಇಲ್ಲ. ಒಳಗಿರೋ ಅಕ್ಷರ ಮೊದಲಿನ ಹಾಗೇ ಕಾಣ್ತಿತ್ತು ಅಷ್ಟೇ. ಈಗ ಅದು ಮತ್ತೆ ಸ್ಟ್ಯಾಂಡರ್ಡಲ್ಲಿ ಇದೆ, ಹೋದೋನು ವಾಪಸ್ ಬಂದ ಹಾಗೆ.

ಸರಿ, ಹೊಸ ಸ್ಟ್ಯಾಂಡರ್ಡ್ ಎಲ್ಲಾನೂ ಒಳ್ಳೇದೇನಾ ಅಂದ್ರೆ ಅದೂ ಅಲ್ಲ. 2000ನೇ ಇಸವಿಯಲ್ಲಿ ಎಕ್ಸ್‌ಎಚ್‌ಟಿಎಂಎಲ್ ಅಂತ, ಎಚ್‌ಟಿಎಂಎಲ್ಲಿನ ಕಟ್ಟುನಿಟ್ಟಿನ ರೂಪ, ಬಂತು. ನಾನು ಕೆಲಸ ಕಲಿತಿದ್ದೇ ಅದರಲ್ಲಿ, ಪ್ರತಿ ಟ್ಯಾಗು ಮುಚ್ಚಬೇಕು, ಎಲ್ಲಾ ಸಣ್ಣಕ್ಷರದಲ್ಲೇ ಬರೀಬೇಕು ಅಂತ ಮಡಿ ಮೈಲಿಗೆ ನೋಡಿದ ಹಾಗೆ ನೋಡ್ತಿದ್ವಿ. ನಿಯಮದ ಪ್ರಕಾರ ಅದನ್ನ ಕಳಿಸಿದ್ರೆ ಪೇಜಲ್ಲಿ ಒಂದೇ ಒಂದು ತಪ್ಪಿದ್ರೂ ಸಾಕು, ಫೈರ್‌ಫಾಕ್ಸು ಹಳದಿ ಪರದೆ ತೋರಿಸಿ ತಪ್ಪಿದೆ ಅಂತ ನಿಂತ್ಬಿಡೋದು, ಓದೋಕೆ ಕೂತೋನಿಗೆ ಏನೂ ಸಿಗ್ತಿರ್ಲಿಲ್ಲ. ಐಇಗಂತೂ 9ನೇ ವರ್ಶನ್ ಬರೋ ತನಕ, ಅಂದ್ರೆ 2011ರ ತನಕ, ಆ ರೀತಿ ಕಳಿಸಿದ ಪೇಜು ತೆಗೆಯೋಕೇ ಬರ್ತಿರ್ಲಿಲ್ಲ. ಹಾಗಾಗಿ ಜಗತ್ತಿನ ತುಂಬಾ ಎಲ್ಲರೂ ಮೇಲೆ ಎಕ್ಸ್‌ಎಚ್‌ಟಿಎಂಎಲ್ ಅಂತ ಬೋರ್ಡ್ ಹಾಕಿ ಒಳಗೆ ಮಾಮೂಲಿ ಎಚ್‌ಟಿಎಂಎಲ್ ಅಂತಲೇ ಬಡಿಸಿದ್ರು. ಅದರ ಎರಡನೇ ಆವೃತ್ತಿ ಹಳೇದಕ್ಕೆ ಸಂಬಂಧವೇ ಇಲ್ಲ ಅನ್ನೋ ಥರ ಹೊರಟಿತ್ತು, 2009ರಲ್ಲಿ ಡಬ್ಲ್ಯೂ3ಸಿಯವರೇ ಅದನ್ನ ನಿಲ್ಲಿಸಿದ್ರು. ಅಷ್ಟೊತ್ತಿಗೆ 2004ರಲ್ಲೇ ಆಪಲ್, ಮೊಝಿಲ್ಲಾ, ಒಪೆರಾದವರು ಬೇರೆ ಒಲೆ ಹೂಡಿಕೊಂಡು ಹಳೇ ಪೇಜುಗಳನ್ನ ಒಡೆಯದ ಹಾಗೆ ಮುಂದಿನ ಎಚ್‌ಟಿಎಂಎಲ್ ಬೇಯಿಸ್ತಾ ಇದ್ರು. ತಪ್ಪನ್ನ ಕ್ಷಮಿಸೋ ಗುಣ ಇಲ್ಲದ್ದು ಹೋಯ್ತು, ಇರೋದು ಉಳೀತು. ಹಾಗಾಗಿ ಯಾವ್ದಾದ್ರೂ ಹೊಸದು ಬಂದಾಗ ನಾನು ಕೇಳೋದು ಎಷ್ಟು ಬ್ರೌಸರಿಗೆ ಬಂದಿದೆ ಅಂತ ಅಲ್ಲ, ಇದು ಗೊತ್ತಿಲ್ಲದ ಬ್ರೌಸರಿನ ಮುಂದೆ ಕೂತಿರೋ ಮನುಷ್ಯನಿಗೆ ಏನು ಕಾಣುತ್ತೆ ಅಂತ.

ಆ ಪ್ರಶ್ನೆ ಕೇಳದೆ ಮುನ್ನುಗ್ಗಿದ್ರೆ ಏನಾಗುತ್ತೆ ಅಂತ ದಕ್ಷಿಣ ಕೊರಿಯಾದವರನ್ನ ಕೇಳ್ಬೇಕು. 1999ರ ಹೊತ್ತಿಗೆ ಇಂಟರ್ನೆಟ್ಟಲ್ಲಿ ದುಡ್ಡು ಕಳಿಸೋಕೆ ಅಂತ ಅವರದೇ ಸೀಡ್ ಅನ್ನೋ ಗುಪ್ತಲಿಪಿ ಮಾಡಿಕೊಂಡ್ರು, ಯಾವ ಬ್ರೌಸರಲ್ಲೂ ಅದು ಇರ್ಲಿಲ್ಲ, ಅದಕ್ಕೆ ಬ್ರೌಸರಿನೊಳಗೆ ಹೊರಗಿನ ಪ್ರೋಗ್ರಾಂ ಓಡಿಸೋ ಮೈಕ್ರೋಸಾಫ್ಟಿನ ಆಕ್ಟಿವ್‌ಎಕ್ಸ್ ಮೇಲೆ ಕೂರಿಸಿದ್ರು, ಅದು ಓಡೋದು ಐಇಯಲ್ಲಿ ಮಾತ್ರ. ಆ ಕಾಲಕ್ಕೆ ಬುದ್ಧಿವಂತಿಕೆಯೇ, ಬೈಯೋ ಹಾಗಿಲ್ಲ. ಆದ್ರೆ ಐಇ ಇಲ್ಲದೋನಿಗೆ ಬದಲಿ ದಾರಿ ಇರ್ಲಿಲ್ಲ. ಇಪ್ಪತ್ತು ವರ್ಷ ಇಡೀ ದೇಶ ಒಂದು ಬ್ರೌಸರಿಗೆ ಗಂಟು ಬಿತ್ತು. 2014ರಲ್ಲಂತೂ ಟಿವಿ ಸೀರಿಯಲ್ ನಾಯಕಿ ಹಾಕಿದ್ದ ಕೋಟನ್ನ ಚೀನಾದ ಅಭಿಮಾನಿಗಳು ಕೊರಿಯಾ ಸೈಟಲ್ಲಿ ಕೊಳ್ಳೋಕೆ ಆಗ್ತಿಲ್ಲ ಅನ್ನೋದು ಅಧ್ಯಕ್ಷರ ಸಭೆಯಲ್ಲೇ ಚರ್ಚೆ ಆಯ್ತು. ಈ ವಹಿವಾಟಿಗೆ ಬೇಕಾಗಿದ್ದ ಡಿಜಿಟಲ್ ಸರ್ಟಿಫಿಕೇಟ್ ಪದ್ಧತಿಯ ಯಜಮಾನಿಕೆ ತೆಗೆದಿದ್ದು 2020ರ ಡಿಸೆಂಬರಲ್ಲಿ. ನಮ್ಮಲ್ಲೂ ಕಮ್ಮಿಯೇನಿಲ್ಲ. ನಮ್ಮ ಮಾವ ಕಂಟ್ರಾಕ್ಟರು, ಯಾವುದೋ ಇಲಾಖೆಯ ಟೆಂಡರ್ ಹಾಕೋಕೆ ಡಿಜಿಟಲ್ ಸಹಿ ಐಇಯಲ್ಲಿ ಮಾತ್ರ ತಗೊಳ್ತಿತ್ತು ಅಂತ ಒಂದು ಹಳೇ ಕಂಪ್ಯೂಟರನ್ನ ಬಟ್ಟೆ ಹೊದಿಸಿ ಇಟ್ಕೊಂಡಿದ್ರು, ಟೆಂಡರ್ ದಿನ ಮಾತ್ರ ಬಟ್ಟೆ ತೆಗೆದು ಊದುಬತ್ತಿ ಹಚ್ಚಿ ಆನ್ ಮಾಡೋರು.

ನಗು ಬರೋ ವಿಷಯ ಏನ್ ಗೊತ್ತಾ, ಸ್ಟ್ಯಾಂಡರ್ಡ್ ಆಗ್ಲಿ ಆಮೇಲೆ ನೋಡೋಣ ಅನ್ನೋ ನಮ್ಮ ಆಫೀಸುಗಳ ಸೈಟಲ್ಲೇ ಮೇಲ್ಗಡೆ ಕೆಂಪಕ್ಷರದಲ್ಲಿ ಒಂದು ಸಾಲು ಓಡ್ತಾ ಇರುತ್ತಲ್ಲ, ಮಾರ್ಕೀ ಅಂತ ಅದರ ಹೆಸರು. ಮೈಕ್ರೋಸಾಫ್ಟಿನವರು ತಮ್ಮ ಬ್ರೌಸರಿಗೆ ಅಂತ ತಂದಿದ್ದು. ಹಳೇ ಎಚ್‌ಟಿಎಂಎಲ್ ಆವೃತ್ತಿಗಳಲ್ಲಿ ಅದಕ್ಕೆ ಜಾಗವೇ ಕೊಟ್ಟಿರ್ಲಿಲ್ಲ, ಈಗಿನದರಲ್ಲಿ ಹೆಸರಿದೆ, ಬಳಸಬಾರದ ಟ್ಯಾಗುಗಳ ಪಟ್ಟಿಯಲ್ಲಿ. ಅದನ್ನ ಹಾಕೋವಾಗ ಯಾವ ಮೇಲಧಿಕಾರಿಯೂ ಎಲ್ಲಾ ಬ್ರೌಸರಿಗೆ ಬಂದಿದೆಯಾ ಅಂತ ಫೈಲ್ ವಾಪಸ್ ಕಳಿಸಲಿಲ್ಲ.

ಕನ್ನಡದವರಾಗಿ ನಮಗೆ ಈ ಕಾಯೋ ಆಟದ ಬೆಲೆ ಬೇರೆಯೋರಿಗಿಂತ ಚೆನ್ನಾಗಿ ಗೊತ್ತಿರ್ಬೇಕು. ಎಲ್ಲಾ ಭಾಷೆಯ ಅಕ್ಷರಕ್ಕೂ ಕಂಪ್ಯೂಟರಲ್ಲಿ ಒಂದೊಂದು ಸಂಖ್ಯೆ ಕೊಡೋ ಯೂನಿಕೋಡಿನ ಮೊದಲ ಆವೃತ್ತಿ 1991ರಲ್ಲಿ ಬಂದಾಗ್ಲೇ ಕನ್ನಡಕ್ಕೆ ಅದರಲ್ಲಿ ಜಾಗ ಇತ್ತು. ಆದ್ರೆ ಕಂಪ್ಯೂಟರಲ್ಲಿ ಕಾಣ್ತಿರ್ಲಿಲ್ಲ. ವಿಂಡೋಸ್ 98ರಲ್ಲಿ ಯೂನಿಕೋಡ್ ಕನ್ನಡ ತೆಗೆದ್ರೆ ಸಾಲಾಗಿ ಡಬ್ಬಿಗಳು. 2001ರಲ್ಲಿ ಎಕ್ಸ್‌ಪಿ ಜೊತೆ ತುಂಗಾ ಫಾಂಟು ಬಂತು, ಅದೂ ಸುಮ್ನೆ ಬರ್ತಿರ್ಲಿಲ್ಲ, ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ಭಾಷೆಗಳ ಜಾಗದಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅನ್ನೋದಕ್ಕೆ ಟಿಕ್ ಹಾಕಿ, ಎಕ್ಸ್‌ಪಿ ಸಿಡಿ ತುರುಕಬೇಕಿತ್ತು, ಸೈಬರ್ ಕೆಫೆಯವನು ಸಿಡಿ ಕೊಡ್ತಿರ್ಲಿಲ್ಲ. ಹಾಗಾಗಿ ಬಹಳಷ್ಟು ಜನ ನುಡಿ, ಬರಹ, ಶ್ರೀಲಿಪಿ ಅಂತ ಒಬ್ಬೊಬ್ಬರು ಒಂದೊಂದು ಫಾಂಟಲ್ಲಿ ಸೈಟ್ ಮಾಡಿದ್ರು, ಇಂಗ್ಲಿಷ್ ಅಕ್ಷರದ ಗೂಡಲ್ಲಿ ಕನ್ನಡ ಅಕ್ಷರ ಕೂರಿಸಿದ ಫಾಂಟುಗಳು ಅವು, ಆ ಫಾಂಟು ಇಲ್ಲದ ಕಡೆ ತೆಗೆದ್ರೆ ಪೂರ್ತಿ ಚಿತ್ರಾನ್ನ. ಅವರನ್ನ ತಪ್ಪು ಅನ್ನಲ್ಲ, ಓದೋರಿಗೆ ಅವತ್ತು ಕನ್ನಡ ಕಾಣ್ಬೇಕಿತ್ತು, ಬರಹ ನುಡಿ ಇಲ್ಲದಿದ್ರೆ ನಾವ್ಯಾರೂ ಕಂಪ್ಯೂಟರಲ್ಲಿ ಕನ್ನಡ ಟೈಪ್ ಮಾಡೋದನ್ನೇ ಕಲೀತಿರ್ಲಿಲ್ಲ. ಆದ್ರೆ ಯೂನಿಕೋಡ್ ಎಲ್ಲಾ ಕಂಪ್ಯೂಟರಿಗೂ ಬರ್ಲಿ ಅಂತ ವರ್ಷಗಟ್ಟಲೆ ಕಾದೋರು ಇದ್ದಾರಲ್ಲ, ಅವರ ಆ ಕಾಲದ ಬರಹ ಎಷ್ಟೋ ಇವತ್ತು ಗೂಗಲಲ್ಲಿ ಹುಡುಕಿದ್ರೆ ಸಿಗಲ್ಲ, ಸಿಕ್ಕಿದ್ರೂ ಓದೋಕೆ ಬರಲ್ಲ, ಕನ್ವರ್ಟರ್ ಹಾಕಿದ್ರೆ ಒತ್ತಕ್ಷರ ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತೆ. ಅದೇ 2003ರಲ್ಲಿ ಕನ್ನಡ ವಿಕಿಪೀಡಿಯ ಶುರು ಮಾಡಿದೋರು ಡಬ್ಬಿ ಕಾಣೋ ಕಾಲದಲ್ಲೇ ಯೂನಿಕೋಡಲ್ಲಿ ಬರೆದ್ರು. ಆಗ ಓದೋಕೆ ಆಗ್ತಿದ್ದೋರು ಎಷ್ಟು ಜನ ಇರಬಹುದು ನೀವೇ ಯೋಚನೆ ಮಾಡಿ. ಆಂಡ್ರಾಯ್ಡ್ ಫೋನಿಗೆ ಕನ್ನಡ ಸರಿಯಾಗಿ ಬಂದಿದ್ದು 2012ರಲ್ಲಿ, 4.1ನೇ ಆವೃತ್ತಿಯಲ್ಲಿ. ಬಂದ ದಿನ, ಒಂಬತ್ತು ವರ್ಷದ ಹಿಂದೆ ಬರೆದಿಟ್ಟ ಸಾಲುಗಳು ಯಾರೂ ಮುಟ್ಟದೆ ತಿದ್ದದೆ ಹಾಗೇ ಕಂಡ್ವು.

ಯೂನಿಕೋಡಿನಲ್ಲಿ ಆಗ ನಿಜವಾಗ್ಲೂ ಕಷ್ಟ ಇತ್ತು, ಗೊತ್ತಿಲ್ಲದ ಕಂಪ್ಯೂಟರಲ್ಲಿ ಡಬ್ಬಿ ಕಾಣೋದು. ಈಗ ನಾನು ಕೇಳ್ತಿರೋದರಲ್ಲಿ ಅಷ್ಟೂ ಕಷ್ಟ ಇಲ್ಲ. ಉದಾಹರಣೆಗೆ ಚಿತ್ರಕ್ಕೆ ಲೋಡಿಂಗ್ ಲೇಝಿ ಅಂತ ಒಂದು ಗುಣ ಸೇರಿಸಬಹುದು, ಓದುಗ ಕೆಳಗೆ ಸರಿಸಿ ಆ ಚಿತ್ರದ ಹತ್ತಿರ ಬರೋವರೆಗೂ ಬ್ರೌಸರು ಅದನ್ನ ಇಳಿಸಿಕೊಳ್ಳಲ್ಲ, ಡೇಟಾ ಉಳಿಯುತ್ತೆ. ಕ್ರೋಮಿಗೆ ಅದು 2019ರಲ್ಲಿ ಬಂತು, ಆಪಲ್ ಸಫಾರಿಗೆ 2022ರಲ್ಲಿ. ಮೂರು ವರ್ಷ ಐಫೋನಿನವರಿಗೆ ಇಲ್ಲ ಅಂತ ಹಾಕದೆ ಇದ್ದೋರು ಮೂರು ವರ್ಷ ಆಂಡ್ರಾಯ್ಡಿನವರ ಡೇಟಾ ಸುಮ್ನೆ ಖರ್ಚು ಮಾಡಿಸಿದ್ರು, ಐಫೋನಿನವರಿಗೆ ಇದರಿಂದ ಸಿಕ್ಕಿದ್ದು ಸೊನ್ನೆ. ಒಟಿಪಿ ಹಾಕೋ ಜಾಗಕ್ಕೆ ಒನ್ ಟೈಮ್ ಕೋಡ್ ಅಂತ ಒಂದು ಗುರುತು ಕೊಡಬಹುದು, ಅದು ತಿಳಿದಿರೋ ಫೋನು ಮೆಸೇಜಲ್ಲಿ ಬಂದ ನಂಬರನ್ನ ತಾನೇ ಕೀಬೋರ್ಡ್ ಮೇಲೆ ತಂದಿಡುತ್ತೆ, ತಿಳಿಯದ ಫೋನಲ್ಲಿ ಎಂದಿನಂತೆ ಕೈಯಲ್ಲಿ ಟೈಪ್ ಮಾಡೋದು. ನಮ್ಮಮ್ಮ ಗ್ಯಾಸ್ ಬುಕ್ ಮಾಡೋವಾಗ ಆ ಆರು ಅಂಕಿ ನೆನಪಿಟ್ಕೊಂಡು ಮೆಸೇಜಿಂದ ಬ್ರೌಸರಿಗೆ ಬರೋಷ್ಟರಲ್ಲಿ ಮೂರು ಮರೆತಿರ್ತಾರೆ, ಅಂಥೋರಿಗೆ ಇದು ಎಷ್ಟು ದೊಡ್ಡ ಉಪಕಾರ ಅಂತ ಆ ಒಂದು ಪದ ಸೇರಿಸದ ಪ್ರೋಗ್ರಾಮರಿಗೆ ಗೊತ್ತಿಲ್ಲ.

ಗ್ರಿಡ್ ಅಂತ ಪುಟವಿನ್ಯಾಸದ ಒಂದು ಹೊಸ ಪದ್ಧತಿ 2017ರ ಮಾರ್ಚಲ್ಲಿ ಕ್ರೋಮು, ಫೈರ್‌ಫಾಕ್ಸು, ಸಫಾರಿ ಮೂರಕ್ಕೂ ಒಂದೇ ತಿಂಗಳಲ್ಲಿ ಬಂತು. ಅದೇ ವರ್ಷ ಜಿಯೋಫೋನ್ ಬಂತು, ಕೀಪ್ಯಾಡಿಂದು. ಅದರೊಳಗಿನ ಬ್ರೌಸರಿಗೆ ಹಳೇ ಫೈರ್‌ಫಾಕ್ಸ್ 48ರ ಇಂಜಿನು, ಗ್ರಿಡ್ ಗೊತ್ತಿಲ್ಲ. ನಮ್ಮ ಹುಡುಗರು ಅಯ್ಯೋ ಹಳ್ಳಿ ಜನ ಎಲ್ಲಾ ಜಿಯೋಫೋನಲ್ಲೇ ನೋಡೋದು, ಗ್ರಿಡ್ ಬೇಡ ಅಂದ್ರು. ಹಾಕಿ ನೋಡಿದ್ವಿ. ಗ್ರಿಡ್ ಗೊತ್ತಿಲ್ಲದ ಬ್ರೌಸರಲ್ಲಿ ಏನಾಗುತ್ತೆ ಅಂದ್ರೆ ಮೂರು ಕಾಲಂ ಬದಲು ಎಲ್ಲಾ ಒಂದರ ಕೆಳಗೆ ಒಂದು ಬರುತ್ತೆ. ಎರಡೂವರೆ ಇಂಚೂ ಇಲ್ಲದ ಪರದೆಗೆ ಬೇಕಾಗಿದ್ದೂ ಅದೇ ತಾನೆ? ಅದಕ್ಕಂತ ಒಂದು ಸಾಲು ಕೂಡ ಬೇರೆ ಬರೀಲಿಲ್ಲ.

ಇನ್ನೊಂದು ನನಗೆ ಬಹಳ ಇಷ್ಟದ್ದು, ಪಟ್ಟಿಯ ಅಂಕಿಗೆ ಕನ್ನಡ ಅಂತ ಹೇಳಿದ್ರೆ ಬ್ರೌಸರು ೧, ೨, ೩ ಅಂತ ತಾನೇ ಹಾಕ್ಕೊಂಡು ಹೋಗುತ್ತೆ. ಐಇಯಲ್ಲಿ ಬರ್ತಿರ್ಲಿಲ್ಲ, ಅಲ್ಲಿ 1, 2, 3 ಅಂತ ಬರೋದು. ಯಾರಿಗೆ ನಷ್ಟ ಆಯ್ತು? ಆದ್ರೂ ಕನ್ನಡ ಅಂಕಿ ಉಳಿಸಿ ಅಂತ ಭಾಷಣ ಮಾಡೋ ಸಂಸ್ಥೆಗಳ ಸೈಟಲ್ಲೇ ಈ ಒಂದು ಪದ ಹಾಕಿದ್ದು ನಾನು ನೋಡಿಲ್ಲ.

ಎಲ್ಲದಕ್ಕೂ ಈ ಮಾತು ಒಪ್ಪಲ್ಲ ಅಂತಾನೂ ಹೇಳಿಬಿಡ್ತೀನಿ, ಇಲ್ಲಾಂದ್ರೆ ನಾಳೆ ಯಾರಾದ್ರೂ ಪತ್ರ ಬರೀತಾರೆ. ಡಯಲಾಗ್ ಅಂತ ಒಂದು ಟ್ಯಾಗು, ಪೇಜಿನ ಮೇಲೆ ಸಣ್ಣ ಕಿಟಕಿ ತೆಗೆಯೋದು. ಕ್ರೋಮಲ್ಲಿ 2014ಕ್ಕೇ ಬಂತು, ಫೈರ್‌ಫಾಕ್ಸು ಸಫಾರಿಗೆ ಬಂದಿದ್ದು 2022ರ ಮಾರ್ಚಲ್ಲಿ. ಅದು ಗೊತ್ತಿಲ್ಲದ ಬ್ರೌಸರಲ್ಲಿ ಮುಚ್ಚಿರಬೇಕಾದ ಕಿಟಕಿ ಪೇಜಿನ ಮಧ್ಯೆ ತೆರೆದುಕೊಂಡೇ ಬಿದ್ದಿರುತ್ತೆ, ತೆಗೆಯೋ ಬಟನ್ ಒತ್ತಿದ್ರೆ ಸ್ಕ್ರಿಪ್ಟ್ ಎಡವುತ್ತೆ. ಹಣ ಕಟ್ಟೋ ಜಾಗದಲ್ಲಿ ಅದನ್ನ ನಂಬಿ ಹಾಕಿದ್ರೆ ತಪ್ಪು, ನಾನೂ ಹಾಕ್ಲಿಲ್ಲ, ಎಂಟು ವರ್ಷ ಕಾದೆ. ಇದಕ್ಕೆಲ್ಲಾ ಒಂದೊಂದನ್ನೂ ಬಿಡಿಬಿಡಿಯಾಗಿ ನೋಡ್ಬೇಕು, ಒಟ್ಟಾರೆ ಹೊಸದು ಬೇಡ ಅಂತ ಬೋರ್ಡ್ ಹಾಕಿ ಕೂರೋದು ಸೋಮಾರಿತನ ಅಂತ ನನ್ನ ಅಭಿಪ್ರಾಯ, ಬೇಜಾರ್ ಮಾಡ್ಕೋಬೇಡಿ.

ಈಗ ನಿಮ್ಮ ಸೈಟಿಗೆ ಬರ್ತೀನಿ. ಮೇಷ್ಟ್ರ ಪತ್ರ ಓದಿದ ಮೇಲೆ ಸೋರ್ಸ್, ಅಂದ್ರೆ ಪೇಜಿನ ಹಿಂದಿರೋ ಕೋಡು, ತೆಗೆದು ನೋಡಿದೆ, ನಮ್ಮ ವೃತ್ತಿಯ ದುರಭ್ಯಾಸ ಅದು, ಬೇರೆಯವರ ಮನೆ ಅಡುಗೆಮನೆ ಇಣುಕಿದ ಹಾಗೆ. ಸುದ್ದಿಯ ತಲೆಬರಹ ಡಿವ್, ಬೈಲೈನು ಡಿವ್, ದಿನಾಂಕ ಡಿವ್, ಫೋಟೋದ ಕೆಳಗಿನ ಸಾಲೂ ಡಿವ್. ಡಿವ್ ಅಂದ್ರೆ ಒಳಗೇನಿದೆ ಅಂತ ಹೇಳದ ಬರೀ ಒಂದು ಚೌಕ. ನಿಮ್ಮ ಅಚ್ಚಿನ ಪತ್ರಿಕೆಯಲ್ಲಿ ತಲೆಬರಹನೂ ಅಡಿಬರಹನೂ ಒಂದೇ ಸೈಜಲ್ಲಿ ಹಾಕಿದ್ರೆ ಪುಟ ಮಾಡಿದ ಸಬ್ ಎಡಿಟರನ್ನ ಸುಮ್ನೆ ಬಿಡ್ತೀರಾ? ಆರ್ಟಿಕಲ್, ಟೈಮ್, ಫಿಗರ್, ಫಿಗ್‌ಕ್ಯಾಪ್ಷನ್ ಅಂತ ಎಲ್ಲಕ್ಕೂ ಟ್ಯಾಗು ಇದೆ, ಹತ್ತು ವರ್ಷ ದಾಟಿದ ಹಳಬರು ಅವು ಈಗ, ಅವನ್ನೂ ಹೊಸದು ಅಂತ ದೂರ ಇಟ್ರೆ ಹೇಗೆ. ಪೇಜಿನ ತಲೆಯಲ್ಲಿ ಭಾಷೆ ಯಾವುದು ಅಂತ ಹೇಳೋ ಜಾಗ ಇದೆ, ಲ್ಯಾಂಗ್ ಅಂತ, ನಿಮ್ಮದರಲ್ಲಿ ಅಲ್ಲಿ ಇಂಗ್ಲಿಷ್ ಅಂತ ಬರೆದಿದೆ! ಯಾವುದೋ ರೆಡಿಮೇಡ್ ಥೀಮ್ ತಂದು ಹಾಕಿದ್ದು, ಯಾರೂ ಬದಲಾಯಿಸಿಲ್ಲ. ನಿಮಗೂ ನನಗೂ ಇದರಿಂದ ವ್ಯತ್ಯಾಸ ಕಾಣಲ್ಲ. ನನ್ನ ಸ್ನೇಹಿತನೊಬ್ಬ ಇದ್ದಾನೆ, ಕಣ್ಣು ಕಾಣಲ್ಲ, ಎನ್‌ವಿಡಿಎ ಅನ್ನೋ ಉಚಿತ ಸ್ಕ್ರೀನ್ ರೀಡರಲ್ಲಿ ದಿನಾ ಪೇಪರ್ ಕೇಳಿಸ್ಕೊಳ್ಳೋನು. ಆ ಸಾಫ್ಟ್‌ವೇರಿಗೆ ಕನ್ನಡ ಓದೋಕೆ ಬರುತ್ತೆ. ಆದ್ರೆ ಯಾವ ಧ್ವನಿಯಲ್ಲಿ ಓದ್ಬೇಕು ಅಂತ ಅದು ನೋಡೋದು ಈ ಲ್ಯಾಂಗ್ ಜಾಗವನ್ನ. ನೀವು ಇಂಗ್ಲಿಷ್ ಅಂದ್ರಿ, ಅದು ಇಂಗ್ಲಿಷ್ ಗಂಟಲಲ್ಲಿ ಕನ್ನಡ ಹೇಳೋಕೆ ಹೋಗಿ ತಡವರಿಸುತ್ತೆ, ಇವನು ಪ್ರತಿ ಸಲ ಕೈಯಲ್ಲಿ ಧ್ವನಿ ಬದಲಾಯಿಸ್ಕೊಂಡು ಕೇಳ್ತಾನೆ. ಎರಡಕ್ಷರ ಬದಲಾಯಿಸೋ ಕೆಲಸ. ತಲೆಬರಹಕ್ಕೆ ತಲೆಬರಹದ ಟ್ಯಾಗೇ ಇದ್ದಿದ್ರೆ ಅವನು ಎಚ್ ಕೀ ಒತ್ತಿ ಒಂದು ಸುದ್ದಿಯಿಂದ ಇನ್ನೊಂದಕ್ಕೆ ಹಾರ್ತಿದ್ದ, ನಾವು ಪುಟದ ಮೇಲೆ ಕಣ್ಣಾಡಿಸೋ ಹಾಗೆ. ಈಗ ಮೇಲಿನ ಮೆನು ಪೂರ್ತಿ, ಜಾಹೀರಾತು ಪೂರ್ತಿ ಕೇಳಿಸ್ಕೊಂಡೇ ಸುದ್ದಿಗೆ ಬರ್ಬೇಕು.

ಮೇಷ್ಟ್ರ ಫೋನಿಗೂ ಇದರಿಂದಲೇ ಪರಿಹಾರ. ಸುದ್ದಿಯನ್ನ ಮೊದ್ಲು ನೇರವಾಗಿ ಎಚ್‌ಟಿಎಂಎಲ್ಲಲ್ಲೇ ಸರ್ವರಿಂದ ಕಳಿಸಿ. ಅದರ ಮೇಲೆ ಹೊಸ ಟ್ಯಾಗು ಎಷ್ಟು ಬೇಕಾದ್ರೂ ಹಾಕಿ, ಅವರ ಹಳೇ ಫೋನು ಗೊತ್ತಿಲ್ಲದ್ದನ್ನ ಹಾರಿಸಿ ಓದುತ್ತೆ. ಆ ಚಕ್ರ ಸುತ್ತಿಸೋ ಸ್ಕ್ರಿಪ್ಟಿಗೆ ಸುದ್ದಿ ತರೋ ಕೆಲಸ ಕೊಡ್ಬೇಡಿ, ಕಾಮೆಂಟೋ ಶೇರ್ ಬಟನ್ನೋ ಏನಾದ್ರೂ ನೋಡ್ಕೊಳ್ಳಲಿ.

ಈ ಪತ್ರನ ಮೊದ್ಲು ನಿಮ್ಮ ಸೈಟಿನ ಫಾರ್ಮಲ್ಲೇ ಹಾಕೋಣ ಅಂತ ಹೋಗಿದ್ದೆ. ಮೊಬೈಲ್ ನಂಬರಿನ ಜಾಗ ಮುಟ್ಟಿದ್ರೆ ಅಂಕಿಯ ಕೀಪ್ಯಾಡ್ ಬರೋ ಬದಲು ಪೂರ್ತಿ ಕನ್ನಡ ಕೀಬೋರ್ಡ್ ಬಂತು, ಇರ್ಲಿ ಅಂತ ಹುಡುಕಿ ಹುಡುಕಿ ಹತ್ತೂ ಅಂಕಿ ಹಾಕಿದೆ. ಆಮೇಲೆ ಪತ್ರ ಪೇಸ್ಟ್ ಮಾಡಿ ಸಲ್ಲಿಸಿ ಅಂತ ಒತ್ತಿದ್ರೆ ಕೆಂಪಕ್ಷರದಲ್ಲಿ "ಇನ್‌ವ್ಯಾಲಿಡ್ ಕ್ಯಾರೆಕ್ಟರ್ಸ್, ಇಂಗ್ಲಿಷ್ ಅಕ್ಷರ ಮಾತ್ರ ಬಳಸಿ" ಅಂತ ಬಂತು. ಅದಕ್ಕೇ ಇಮೇಲಲ್ಲಿ ಕಳಿಸ್ತಿದ್ದೀನಿ, ತಲುಪಿದ್ರೆ ತಿಳಿಸಿ.

ಇತಿ ನಿಮ್ಮ ಓದುಗ,
ಶಿವಮೊಗ್ಗ